ತೆರೆದಿಟ್ಟ ಆವಿಗೆ

ಫೆಬ್ರವರಿ ೩

ಅಮ್ಮಾ,

ಫೋನಿನಲ್ಲಿ ನಾನು ಬರೀ "ಹೂಂ" ಅನ್ನುತ್ತೇನೆ, ಬರೆದರಾದರೂ ಬಾಯಿ ಬಿಡುತ್ತೇನೆ ಎಂದು ಬೈದು ಕಾರು ಹತ್ತಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕ ನಿನಗೆ ಕೊಟ್ಟಿರುವ ಕೋಣೆಗೆ ಕಿಟಕಿ ಇದೆಯೇ? ಕಿಟಕಿಯಿಂದ ಮಣ್ಣು ಕಾಣುತ್ತದೆಯೇ, ಅಥವಾ ಬರೀ ಎದುರು ಮನೆಯ ಗೋಡೆಯೇ?

ನೀನು ಅಗೆತದ ಗುಂಡಿಯ ಏಣಿಯಿಂದ ಜಾರಿ ಕಾಲು ಮುರಿದುಕೊಂಡದ್ದು ಊರಿಗೆಲ್ಲ ಗೊತ್ತಾಗಿದೆ. ತರಕಾರಿ ಅಂಗಡಿಯವನು, "ಮಣ್ಣಮ್ಮೋರಿಗೆ ಮಣ್ಣೇ ಕೈಕೊಟ್ತಂತೆ?" ಎಂದ. ನಾನು ಈರುಳ್ಳಿ ಆರಿಸುತ್ತ "ಹೂಂ" ಎಂದೆ. ನೋಡು, ಅಭ್ಯಾಸ.

ನಮ್ಮ ಇತಿಹಾಸ ಸಂಘದ ಪರವಾಗಿ ಪ್ರತಿಷ್ಠಾನದವರ ಅನುದಾನಕ್ಕೆ ಅರ್ಜಿ ಬರೆಯುತ್ತಿದ್ದೇನೆ. ಮೊದಲ ಪ್ಯಾರಾ ಹೀಗಿದೆ, ತಿದ್ದಿ ಕಳಿಸು:

"ನಮ್ಮ ಊರಾಚೆಯ ದಿಬ್ಬವನ್ನು ಅಗೆಯುವಾಗ ಮಡಕೆ ಸುಡುವ ಒಂದು ಹಳೆಯ ಆವಿಗೆ ಸಿಕ್ಕಿದೆ. ಅದರೊಳಗೆ ಹನ್ನೊಂದು ಮಡಕೆಗಳು ಒಂದಕ್ಕೊಂದು ಒರಗಿಕೊಂಡು, ಜೋಡಿಸಿದವರು ಈಗಷ್ಟೇ ಕೈ ತೆಗೆದಂತೆ ಇವೆ. ಅವುಗಳಲ್ಲಿ ಒಂದೂ ಸುಟ್ಟಿಲ್ಲ. ನೂರಾರು ವರ್ಷಗಳ ಹಿಂದೆ ಯಾರೋ ಆವಿಗೆ ತುಂಬಿಸಿದರು, ಬೆಂಕಿ ಹಚ್ಚಲಿಲ್ಲ. ಚಾವಣಿ ಕುಸಿದು ಒದ್ದೆ ಮಣ್ಣು ಮುಚ್ಚಿಕೊಂಡದ್ದರಿಂದ ಹಸಿ ಮಡಕೆಗಳು ಹಾಗೆಯೇ ಉಳಿದವು. ಅವನ್ನು ಗಟ್ಟಿಗೊಳಿಸಿ ಮೇಲೆತ್ತಲು ತಜ್ಞರೂ ಪ್ರಯೋಗಾಲಯವೂ ಬೇಕು. ನಮ್ಮ ಸಂಘದಲ್ಲಿ ಎರಡೂ ಇಲ್ಲ."

ಕಾರ್ಯದರ್ಶಿ ಮಾಮ ಓದಿ, "ಮಗೂ, ಅರ್ಜಿ ಅಂದ್ರೆ ಅಳು ಇರ್ಬೇಕು, ಕಣ್ಣೀರು ಕಾಣಬಾರ್ದು. ಚೆನ್ನಾಗಿದೆ" ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರಿಗೆ ಇಂಥ ಮಾತು ಎಲ್ಲಿಂದ ಬರುತ್ತದೋ. ಯಾಕೆ ಬೆಂಕಿ ಹಚ್ಚಲಿಲ್ಲ ಎಂದೂ ಬರೆಯಬೇಕಂತೆ. ಏನು ಬರೆಯಲಿ?

ಪ್ರತಿಷ್ಠಾನದ ಸಮಿತಿ ದಿಬ್ಬ ನೋಡಲು ಹದಿನೈದನೇ ತಾರೀಖು ಬರುತ್ತದೆ. ಅಲ್ಲಿಯವರೆಗೆ ನೀನು ಹೇಳಿದ ಹಾಗೆ ಒದ್ದೆ ಗೋಣಿ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದೇವೆ. ಮೇಸ್ತ್ರಿ ಡೇರೆಯ ಕೆಳಗೆ ಕೂತು ಕಾವಲು ಕಾಯುತ್ತಾನೆ. ಮಡಕೆಗಳ ಹತ್ತಿರ ಬೀಡಿ ಸೇದಬಾರದೆಂದು ನೀನು ಹೇಳಿದ್ದೀಯಂತೆ. ದಿಬ್ಬದ ಆಚೆ ತುದಿಗೆ ಹೋಗಿ ಸೇದಿ ಬರುತ್ತಾನೆ, ಶಾಲೆಯ ಹುಡುಗನ ಹಾಗೆ.

ನಿನ್ನ
ಗುಬ್ಬಿ

&nbsp;

ಫೆಬ್ರವರಿ ೯

ಗುಬ್ಬಿ,

ಕಿಟಕಿ ಇದೆ. ಗೋಡೆ ಕಾಣುತ್ತದೆ. ಗೋಡೆಯ ಗಾರೆ ಉದುರಿದ ಕಡೆ ಇಟ್ಟಿಗೆ ಕಾಣುತ್ತದೆ, ಎರಡು ಕಾಲದ ಇಟ್ಟಿಗೆಗಳು. ಅಷ್ಟು ಸಾಕು ನನಗೆ. ನಿನ್ನಕ್ಕ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಅವಳ ಗಂಡ ದಿನಾ ಕೆಲಸಕ್ಕೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು "ಕಾಲು ಹೇಗಿದೆ ಅತ್ತೆ?" ಎಂದು ಕೇಳುತ್ತಾನೆ, ಉತ್ತರ ಕೇಳಲು ನಿಲ್ಲುವುದಿಲ್ಲ.

ಪ್ಯಾರಾ ಚೆನ್ನಾಗಿದೆ. "ಈಗಷ್ಟೇ ಕೈ ತೆಗೆದಂತೆ" ಎನ್ನುವುದನ್ನು ಹೊಡೆದುಹಾಕಲು ಪೆನ್ನು ಎತ್ತಿದೆ, ಆಮೇಲೆ ಬಿಟ್ಟೆ. ನೀನು ಓದಿದ್ದು ಸಾಹಿತ್ಯ, ನಿನಗೆ ಅಷ್ಟು ಇರಲಿ. ಬೆಂಕಿ ಯಾಕೆ ಹಚ್ಚಲಿಲ್ಲ ಎಂದರೆ "ಗೊತ್ತಿಲ್ಲ" ಎಂದು ಬರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದಕ್ಕೇ ನಮ್ಮ ಸಂಘ ಇರುವುದು.

ಗೋಣಿ ಮಡಕೆಗೆ ತಾಗಬಾರದು. ಕಡ್ಡಿಗಳ ಮೇಲೆ ನಿಲ್ಲಿಸು. ನೀರು ಗೋಣಿಗೆ, ಮಡಕೆಗಲ್ಲ.

ಅಗೆದದ್ದನ್ನು ಆ ವರ್ಷವೇ ಮುಚ್ಚದೆ ನಾನು ಯಾವತ್ತೂ ದಿಬ್ಬ ಬಿಟ್ಟವಳಲ್ಲ. ಈ ಸಲ ನನ್ನನ್ನೇ ಹೊತ್ತುಕೊಂಡು ಹೋದರು, ಏನು ಮಾಡಲಿ. ಹದಿನೈದು ದಾಟಿದ ಮರುದಿನವೇ ಮರಳು ತುಂಬಿಸಿ ಮುಚ್ಚಬೇಕು.

ಅಮ್ಮ

&nbsp;

ಫೆಬ್ರವರಿ ೧೭

ಅಮ್ಮಾ,

ಅರ್ಜಿ ಹೋಯಿತು. ಸಮಿತಿ ಬರಲಿಲ್ಲ.

ಹದಿನಾಲ್ಕಕ್ಕೆ ಪ್ರತಿಷ್ಠಾನದಿಂದ ಫೋನ್ ಬಂತು. ಒಬ್ಬ ಹೆಂಗಸು, ಬಹಳ ಮೆತ್ತನೆಯ ಧ್ವನಿ. ಅಧ್ಯಕ್ಷರು ಯಾವುದೋ ಸಮ್ಮೇಳನಕ್ಕೆ ಹೋಗಿದ್ದಾರಂತೆ, ತಿಂಗಳ ಕೊನೆಗೆ ಖಂಡಿತ ಬರುತ್ತಾರಂತೆ. "ಅಲ್ಲೀವರೆಗೆ ಹಾಗೇ ಇಟ್ಟಿರ್ತೀರಲ್ವಾ?" ಎಂದು ಕೇಳಿದಳು. ನಾನು "ಹೂಂ" ಎಂದೆ. ನಾನು ಹಾಗೆ ಹೇಳಬಾರದಿತ್ತೇನೋ.

ಮುಚ್ಚಿಬಿಡಲೇ ಅಮ್ಮಾ? ಮರಳು ಬಂದು ಬಿದ್ದಿದೆ. ಮೇಸ್ತ್ರಿ ನೀನು ಹೇಳಿದರೆ ಒಂದೇ ದಿನದಲ್ಲಿ ಮುಗಿಸುತ್ತಾನಂತೆ. ಕಾರ್ಯದರ್ಶಿ ಮಾಮ ಮಾತ್ರ ಒಪ್ಪುತ್ತಿಲ್ಲ. "ಹೆಣ್ಣು ನೋಡೋಕೆ ಬರ್ತೀವಿ ಅಂದೋರ ಮುಂದೆ ಬಾಗಿಲು ಹಾಕ್ಕೊಂಡ್ರೆ ಆಗುತ್ತಾ?" ಎಂದರು. ಅನುದಾನ ಬರದಿದ್ದರೆ ಮೇ ಕೊನೆಗೆ ನಮ್ಮ ಉಗ್ರಾಣ ಖಾಲಿ ಮಾಡಬೇಕೆಂದು ಕಟ್ಟಡದ ಮಾಲೀಕರು ಮತ್ತೆ ಹೇಳಿ ಹೋಗಿದ್ದಾರೆ. ನೀನು ಇಷ್ಟು ವರ್ಷ ಆರಿಸಿ ತಂದ ಮಡಕೆ ಚೂರುಗಳ, ಆ ಬೋಕಿಗಳ ಪೆಟ್ಟಿಗೆಗಳನ್ನೆಲ್ಲ ಅವರು ಬಾಗಿಲಲ್ಲಿ ನಿಂತು ನೋಡಿದರು. "ಇದೆಲ್ಲಾ ಒಡೆದಿರೋದೇ ಅಲ್ವಾ?" ಎಂದರು.

ಬೇಗ ಬರೆ.

ಗುಬ್ಬಿ

&nbsp;

ಫೆಬ್ರವರಿ ೨೨

ಗುಬ್ಬಿ,

ಮುಚ್ಚಬೇಡ.

ಹಿಂದಿನ ಸಲ ನೀನು ಕಾಲೇಜಿನಲ್ಲಿದ್ದೆ, ನಿನಗೆ ಗೊತ್ತಿಲ್ಲ. ಕಲ್ಲಿನ ಚರಂಡಿ ಸಿಕ್ಕಿತ್ತು, ತಿರುವುಗಳೆಲ್ಲ ಹಾಗೆಯೇ ಇದ್ದವು. ನಿಯಮದ ಪ್ರಕಾರ ಮುಚ್ಚಿದೆ. ಆಮೇಲೆ ಅವರು ಬಂದರು. ಬಯಲಲ್ಲಿ ನಿಂತು "ಎಲ್ಲಿದೆ?" ಎಂದು ಕೇಳಿದರು. ನಾನು ಅವರ ಕಾಲಡಿ ತೋರಿಸಿದೆ. ಒಬ್ಬರು ಬೂಟಿನ ತುದಿಯಿಂದ ಮಣ್ಣು ಕೆದಕಿದರು, ಇನ್ನೊಬ್ಬರು ಗಡಿಯಾರ ನೋಡಿಕೊಂಡರು. ಫೋಟೋ ಕೊಟ್ಟರೆ, "ಫೋಟೋ ದಿನಾ ನೋಡ್ತೀವಿ ಮೇಡಂ" ಎಂದರು. ಹಣ ಯಾವುದೋ ಕೋಟೆಬಾಗಿಲಿಗೆ ಬಣ್ಣ ಹೊಡೆಯಲು ಹೋಯಿತು. ಬಾಗಿಲು ಎದ್ದು ಕಾಣುತ್ತದೆಯಲ್ಲ.

ಈ ಸಲ ಅವರು ಬಗ್ಗಿ ನೋಡಬೇಕು. ಆ ಮಡಕೆಗಳ ಬಾಯಿ ನೋಡಿದರೆ ಯಾರೂ ಇಲ್ಲ ಎನ್ನಲಾರರು. ತಿಂಗಳ ಕೊನೆಯವರೆಗೆ ತಾನೇ. ಗೋಣಿ ಮೂರು ಹೊತ್ತು ಒದ್ದೆ ಮಾಡು, ಗಾಳಿ ಬರುವ ಕಡೆಗೆ ಡೇರೆಯ ಪರದೆ ಇಳಿಸು.

ಕಾಲು ಇನ್ನೂ ಊರಲು ಬಿಡುತ್ತಿಲ್ಲ.

ಅಮ್ಮ

&nbsp;

ಮಾರ್ಚ್ ೮

ಅಮ್ಮಾ,

ಸಮಿತಿ ತಿಂಗಳ ಕೊನೆಗೂ ಬರಲಿಲ್ಲ. ಫೋನ್ ಮಾಡಿದೆ. ನಾನೇ ಮಾಡಿದೆ, ನಂಬು. ಮೊದಲು ಏನು ಹೇಳಬೇಕೆಂದು ಕಾಗದದಲ್ಲಿ ಬರೆದುಕೊಂಡು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಅದೇ ಮೆತ್ತನೆಯ ಧ್ವನಿಯ ಹೆಂಗಸು. "ಕಡತ ಮೇಲಿದೆ" ಎಂದಳು. ಮೇಲೆ ಎಂದರೆ ಎಲ್ಲಿ ಎಂದು ಕೇಳುವಷ್ಟು ಧೈರ್ಯ ಬರಲಿಲ್ಲ.

ಉಗ್ರಾಣದಲ್ಲಿ ಪೆಟ್ಟಿಗೆಗಳ ಚೀಟಿಗಳನ್ನು ಮತ್ತೆ ಬರೆಯುತ್ತಿದ್ದೇನೆ. ನಿನ್ನ ಹಳೆಯ ಕೈಬರಹ ಎಷ್ಟು ದುಂಡಗಿತ್ತು! ಒಂದು ಚೀಟಿಯ ಹಿಂದೆ "ಹಾಲು, ಸೂಜಿ, ದೊಡ್ಡವಳ ಪುಸ್ತಕಕ್ಕೆ ಬೈಂಡು" ಎಂದು ಬರೆದಿದ್ದೀಯ. ಅದನ್ನು ಎತ್ತಿಟ್ಟುಕೊಂಡೆ. ನನ್ನ ಹೆಸರು ಅದರಲ್ಲಿರಲಿಲ್ಲ, ನಾನಿನ್ನೂ ಶಾಲೆಗೆ ಸೇರಿರಲಿಲ್ಲವೋ ಏನೋ. ಪಕ್ಕದ ಕಟ್ಟಡದ ಟೈಲರ್ ದಿನಾ ಸಂಜೆ ಇಣುಕಿ "ಏನಮ್ಮಾ, ನಿಧಿ ಸಿಗ್ತಾ?" ಎನ್ನುತ್ತಾನೆ. ನಾನು ನಗುತ್ತೇನೆ. ಹೊಸ ಕುರ್ಚಿಗೆ ಒಂದು ಕಾಲು ಗಿಡ್ಡ ಆಗಿದೆ. ಗ್ರಂಥಾಲಯದಲ್ಲಿ ತಾತ್ಕಾಲಿಕ ಕೆಲಸ ಖಾಲಿ ಇದೆಯಂತೆ, ಗೆಳತಿ ಹೇಳಿದಳು.

ಬಿಸಿಲು ಜೋರಾಗಿದೆ. ಮಡಕೆಗಳು ಇವೆ.

ಗುಬ್ಬಿ

&nbsp;

ಮಾರ್ಚ್ ೧೩

ಗುಬ್ಬಿ,

ಇಷ್ಟುದ್ದ ಬರೆದಿದ್ದೀಯ. ಮಡಕೆಗಳಿಗೆ ಎರಡೇ ಪದ. ಕುರ್ಚಿಯ ಕಾಲಿಗೆ ಅದಕ್ಕಿಂತ ಹೆಚ್ಚು ಜಾಗ ಸಿಕ್ಕಿದೆ.

ಬಾಯಿಯ ಅಂಚಿನಲ್ಲಿ ಬಿಳಿ ಪುಡಿ ಕಾಣಿಸಿದೆಯೇ? ಹೂ ಬಿಟ್ಟ ಹಾಗೆ, ನುಣ್ಣನೆಯ ಉಪ್ಪಿನ ಹಾಗೆ? ಇದ್ದರೆ ಮುಟ್ಟಬೇಡ, ಒರೆಸಬೇಡ. ಮಣ್ಣಿನ ಉಪ್ಪು ಮೇಲಕ್ಕೆ ಬರುತ್ತಿದೆ ಎಂದರ್ಥ. ಒಣಗುತ್ತಿದೆ ಎಂದರ್ಥ.

▬▬▬▬▬▬▬▬▬▬

ಮೇಲೆ ಒಂದು ಸಾಲು ಹೊಡೆದುಹಾಕಿದ್ದೇನೆ. ಓದಲು ಹೋಗಬೇಡ.

ಅಮ್ಮ

&nbsp;

ಮಾರ್ಚ್ ೨೯

ಅಮ್ಮಾ,

ನಿನ್ನೆ ಫೋನ್ ಮಾಡಿದಾಗ ಹೇಳಬೇಕೆಂದಿದ್ದೆ. ಅಕ್ಕ "ಅಮ್ಮ ಮಲಗಿದ್ದಾಳೆ" ಎಂದಳು. ಸದ್ಯ ಎನಿಸಿತು.

ಮಡಕೆಗಳು ಹೋದವು.

ಬಿಳಿ ಪುಡಿ ಇತ್ತು. ನಿನ್ನ ಕಾಗದ ಬರುವ ಮುಂಚೆಯೇ ಇತ್ತು. ನೀನು ಮುಚ್ಚು ಎನ್ನಬಹುದೆಂದು ಕಾದೆ. ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿದು ನೋಡಿದೆ, ಮೇಸ್ತ್ರಿಯೂ ನೋಡಿದ. ಒಂದು ಅಕ್ಷರವೂ ತಿಳಿಯಲಿಲ್ಲ, ಅಷ್ಟು ಒತ್ತಿ ಗೀಚಿದ್ದೀಯ.

ಬಿಸಿಗಾಳಿ ಎದ್ದು ಡೇರೆಯ ಒಂದು ಮಗ್ಗುಲು ಹರಿಯಿತು. ಬೆಳಿಗ್ಗೆ ನೋಡಿದರೆ ಗೋಣಿ ಹಪ್ಪಳದ ಹಾಗೆ ಗರಿಗರಿ ಒಣಗಿತ್ತು, ಮಡಕೆಗಳ ಮೈಯಲ್ಲಿ ಕೂದಲೆಳೆಯಂಥ ಗೆರೆಗಳು. ನನಗೆ ಗಾಬರಿಯಾಯಿತು. ಮೇಸ್ತ್ರಿಗೂ. ಇಬ್ಬರೂ ಬಿಂದಿಗೆ ಬಿಂದಿಗೆ ನೀರು ತಂದು ಗೋಣಿಗೆ ಸುರಿದೆವು. ಗೋಣಿಯಿಂದ ನೀರು ಒಳಗಿಳಿಯಿತು. ಒಣಗಿದ ಹಸಿ ಮಡಕೆಗೆ ಒಮ್ಮೆಲೇ ನೀರು ಬಿದ್ದರೆ ಏನಾಗುತ್ತದೆಂದು ನೀನೇ ಎಷ್ಟು ಸಲ ಹೇಳಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ.

ಮೊದಲು ಮೇಲಿನದೊಂದು, ಆಯಾಸವಾದವರು ಕೂರುವ ಹಾಗೆ, ಮೆಲ್ಲಗೆ ಕುಸಿಯಿತು. ಅದರ ಭಾರಕ್ಕೆ ಕೆಳಗಿನವು. ಸದ್ದೇ ಆಗಲಿಲ್ಲ ಅಮ್ಮಾ. ಸುಟ್ಟ ಮಡಕೆಗಳಾಗಿದ್ದರೆ ಒಡೆದ ಸದ್ದಾದರೂ ಬರುತ್ತಿತ್ತು. ಈಗ ಆವಿಗೆಯಲ್ಲಿ ಬರೀ ಕೆಸರು ಇದೆ. ಎಲ್ಲಿ ಮಡಕೆ ಮುಗಿದು ಎಲ್ಲಿ ನೆಲ ಶುರುವಾಗುತ್ತದೆ ಎಂದು ನನಗೆ ಗೊತ್ತಾಗುತ್ತಿಲ್ಲ.

ಮೇಸ್ತ್ರಿ ಅಲ್ಲೇ ಕುಕ್ಕರಗಾಲಲ್ಲಿ ಕೂತು, "ಇಷ್ಟು ವರ್ಷ ಇದ್ವು. ನಾವು ನೋಡಿದ್ವಿ, ಹೋದ್ವು" ಎಂದ.

ಬೈದು ಬರೆ. ದಯವಿಟ್ಟು ಬರೆ.

ಗುಬ್ಬಿ

&nbsp;

ಏಪ್ರಿಲ್ ೪

ಗುಬ್ಬಿ,

ಇವಿಷ್ಟಕ್ಕೆ ಉತ್ತರ ಬರೆದಿಡು. ಮೊದಲು ಕುಸಿದದ್ದು ಯಾವ ಕಡೆಯದು, ಬಾಗಿಲ ಕಡೆಯದೋ ಹಿಂದಿನದೋ? ಕುಸಿದಾಗ ಒಳಗಡೆ ಬಣ್ಣ ಬೇರೆ ಕಂಡಿತೇ? ಮಡಕೆಗಳ ನಡುವೆ ಹುಲ್ಲೋ ಎಲೆಯೋ ಇಟ್ಟಿದ್ದರೇ? ಕೆಳಗಿನ ಮಡಕೆಗಳ ತಳ ದುಂಡೋ ಚಪ್ಪಟೆಯೋ? ನೆನಪಿರುವಾಗಲೇ ಚಿತ್ರ ಬರೆ. ಮೇಸ್ತ್ರಿಗೆ ಬೇರೆ ಕಾಗದ ಕೊಟ್ಟು ಅವನಿಂದಲೂ ಬರೆಸು. ಇಬ್ಬರೂ ಒಟ್ಟಿಗೆ ಕೂತು ಬರೆಯಬೇಡಿ.

ಊಟ ಸರಿಯಾಗಿ ಮಾಡು.

ಅಮ್ಮ

&nbsp;

ಏಪ್ರಿಲ್ ೨೦

ಅಮ್ಮಾ,

ಚಿತ್ರಗಳನ್ನು ಹೋದ ವಾರವೇ ಕಳಿಸಿದೆ, ತಲುಪಿರಬೇಕು. ನನ್ನದರಲ್ಲಿ ಹನ್ನೊಂದು ಮಡಕೆ, ಮೇಸ್ತ್ರಿಯದರಲ್ಲಿ ಹತ್ತು. ಹನ್ನೊಂದನೆಯದು ಅವನಿಗೆ ನೆನಪೇ ಇಲ್ಲವಂತೆ. ನೀನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಪ್ರತಿಷ್ಠಾನದ ಪತ್ರ ಬಂತು. ಅನುದಾನ ಮಂಜೂರಾಗಿದೆ. ಕೇಳಿದಷ್ಟೂ ಕೊಟ್ಟಿದ್ದಾರೆ, ಹಸಿ ಮಡಕೆಗಳ ರಕ್ಷಣೆಗೆ ಮಾತ್ರ ಎಂಬ ಷರತ್ತಿನ ಮೇಲೆ. ಒಂದು ಸಾಲು ಹಾಗೆಯೇ ಇಳಿಸುತ್ತೇನೆ: "ತಮ್ಮ ಅರ್ಜಿಯಲ್ಲಿನ ವಿವರಣೆ ಎಷ್ಟು ಜೀವಂತವಾಗಿದೆಯೆಂದರೆ, ಅದನ್ನು ಓದಿದ ಬಳಿಕ ಸ್ಥಳಭೇಟಿಯ ಅಗತ್ಯವಿಲ್ಲವೆಂದು ಸಮಿತಿಯು ತೀರ್ಮಾನಿಸಿತು." ತೀರ್ಮಾನವಾದ ತಾರೀಖೂ ಇದೆ. ಮಾರ್ಚ್ ಮೊದಲ ವಾರ. ಸಹಿಗಳಾಗಿ ಅಂಚೆಗೆ ಬೀಳಲು ಇಷ್ಟು ದಿನ ಹಿಡಿದಿದೆ.

ಯಾರೂ ಬರುವವರೇ ಇರಲಿಲ್ಲ ಅಮ್ಮಾ. ಬಾರದವರಿಗಾಗಿ ನಾವು ತೆರೆದಿಟ್ಟುಕೊಂಡು ಕೂತಿದ್ದೆವು.

ಚೆನ್ನಾಗಿ ಬರೆದೆ ಎಂದು ಜೀವನದಲ್ಲಿ ಮೊದಲ ಸಲ ಯಾರೋ ಹೇಳಿದ್ದಾರೆ. ಆ ಸಾಲಿನ ಮೇಲೆ ಬೆರಳು ಮುಚ್ಚಿ ಮಿಕ್ಕ ಪತ್ರ ಓದುತ್ತೇನೆ.

ಕಾರ್ಯದರ್ಶಿ ಮಾಮ ಪತ್ರ ಓದಿ ಮೊದಲು ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಕಾಫಿ ತರಿಸಿದರು. ಕುಡಿದು ಮುಗಿಸುವ ಹೊತ್ತಿಗೆ ಅವರ ಮುಖ ಬದಲಾಗಿತ್ತು.

"ಪೇಟೆ ಆಚೆ ಮಡಕೆ ಮಾಡೋನು ಒಬ್ಬ ಇದ್ದಾನಲ್ಲ, ಅವನ ಹತ್ರ ಹನ್ನೊಂದು ಮಾಡಿಸೋಣ" ಎಂದರು. "ಸುಡೋದು ಬೇಡ. ಹಸೀದೇ ತಂದು ಜೋಡಿಸೋಣ. ಹಳೇದೂ ಮಣ್ಣು, ಇದೂ ಮಣ್ಣು. ಯಾರಪ್ಪನಿಗೆ ಗೊತ್ತಾಗುತ್ತೆ?"

"ಅದು ಸುಳ್ಳಲ್ವಾ ಮಾಮ?"

"ಸುಳ್ಳು ಅಂತ ಯಾಕಂತೀಯ? ಮಾದರಿ ಅನ್ನು."

"ಹಾಗಾದ್ರೆ ಮಾದರಿ ಅಂತಾನೇ ಅವರಿಗೆ ಬರೆಯೋಣ್ವಾ?"

"ಬರೆದ್ರೆ ದುಡ್ಡು ಬರುತ್ತಾ, ತಾಯಿ? ನಿಮ್ಮಮ್ಮನ ಜೀವಮಾನದ ಕೆಲಸ ಬೀದಿಗೆ ಬೀಳ್ತಿದೆ. ನಿನಗೆ ಪದದ ಚಿಂತೆ."

ಅವರು ಕೆಟ್ಟವರಲ್ಲ, ನಿನಗೆ ಗೊತ್ತು. ಇಷ್ಟು ವರ್ಷ ಸಂಘದ ಬಾಡಿಗೆಗೆ ತಮ್ಮ ಪಿಂಚಣಿಯಿಂದ ಹಾಕಿದವರು. ಮೇಸ್ತ್ರಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಅವನಿಗೂ ಕೆಲಸ ಬೇಕು. ಅವನು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ನಾನೂ ಬೇಡ ಎನ್ನಲಿಲ್ಲ. "ಅಮ್ಮನ್ನ ಕೇಳ್ತೀನಿ" ಎಂದೆ.

ಏನು ಮಾಡಲಿ?

ಗುಬ್ಬಿ

&nbsp;

ಮೇ ೨

ಗುಬ್ಬಿ,

ತಡವಾಯಿತು. ನಿನ್ನ ಕಾಗದ ದಿಂಬಿನ ಕೆಳಗೇ ಇತ್ತು.

ಕಾರ್ಯದರ್ಶಿ ನನಗೂ ಫೋನ್ ಮಾಡಿದ್ದರು. ಎಲ್ಲ ಹೇಳಿದರು. ನಾನು ಕೂಡಲೇ "ಥೂ" ಎಂದು ಫೋನ್ ಇಟ್ಟಿರುತ್ತೇನೆ ಎಂದು ನೀನು ಅಂದುಕೊಂಡಿರುತ್ತೀಯ. ಹಾಗಾಗಲಿಲ್ಲ. "ಅವನು ಮಣ್ಣು ಎಲ್ಲಿಂದ ತರ್ತಾನೆ?" ಎಂದು ಕೇಳಿದೆ. ಕೇಳಿದ್ದು ನಾನೇ.

ಆಮೇಲೆ ಮಲಗಿಕೊಂಡು ಯೋಚಿಸಿದೆ. ಕೆರೆಯ ಮಣ್ಣು ಬೇಡ, ದಿಬ್ಬದ ಮಣ್ಣೇ ಆಗಬೇಕು. ಚಕ್ರ ಎಡಕ್ಕೆ ತಿರುಗಿಸಿರಬೇಕು, ಅವರದು ಹಾಗಿತ್ತು. ಉಪ್ಪು ನೀರು ಹಚ್ಚಿ ಒದ್ದೆ ಮರಳಲ್ಲಿ ಹೂತಿಟ್ಟರೆ ಬಿಳಿ ಪುಡಿ ತಾನಾಗಿ ಬರುತ್ತದೆ. ಎರಡು ಮಡಕೆಯ ಬಾಯಿ ಸ್ವಲ್ಪ ಮುರಿದಿರಲಿ. ಎಲ್ಲವೂ ಸರಿ ಇದ್ದರೆ ಅನುಮಾನ ಬರುತ್ತದೆ. ನಾನು ಕಲಿತದ್ದೆಲ್ಲ ಒಂದೊಂದಾಗಿ ಕೈಗೆ ಬಂತು. ಯಾರಿಗೂ ಗೊತ್ತಾಗದ ಹಾಗೆ ಮಾಡಲು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ನಿನ್ನಕ್ಕ ಬಂದು, "ಇವತ್ತು ಮುಖ ಗೆಲುವಾಗಿದೆಯಲ್ಲಮ್ಮಾ" ಎಂದಳು. ಆಗ ನಾಚಿಕೆಯಾಯಿತು. ಆದರೂ ಮತ್ತೆ ಯೋಚಿಸಿದೆ. ಬೇಡ ಎನ್ನಲು ಒಂದು ವಾರ ಹಿಡಿಯಿತು.

ಹಣ ಬೇಡ ಎಂದು ಪ್ರತಿಷ್ಠಾನಕ್ಕೆ ಬರೆ. ಯಾಕೆ ಎಂದೂ ಬರೆ. ತೆರೆದಿಡಲು ಹೇಳಿದ್ದು ನಾನು. ಫೆಬ್ರವರಿಯಲ್ಲಿ ನೀನು ಕೇಳಿದಾಗಲೇ ಮುಚ್ಚು ಎಂದಿದ್ದರೆ ಅವು ಇನ್ನೂ ಇರುತ್ತಿದ್ದವು. ನಿನ್ನನ್ನು ಬೈಯಬೇಕೆಂದು ಎರಡು ಸಲ ಬರೆದಿದ್ದೀಯ. ಯಾವ ಬಾಯಲ್ಲಿ ಬೈಯಲಿ?

ಕಾಲು ಊರುತ್ತಿದ್ದೇನೆ. ಕೋಲು ಹಿಡಿದು ಬಾಗಿಲವರೆಗೆ ಹೋಗಿ ಬರುತ್ತೇನೆ. ಮುಂದಿನ ತಿಂಗಳು ಊರಿಗೆ ಹೋಗಬಹುದೆಂದು ಡಾಕ್ಟರು ಹೇಳಿದ್ದಾರೆ. ನಾನು ಬರುವುದಿಲ್ಲ ಗುಬ್ಬಿ. ಅಷ್ಟು ದಿನ ನಕಲಿ ಮಡಕೆಗಳನ್ನೇ ಯೋಚಿಸಿದವಳು ಇನ್ನು ಗುಂಡಿಗೆ ಇಳಿಯಬಾರದು. ಇನ್ನು ಮೇಲೆ ಏನು ಸಿಕ್ಕಿದರೂ ಇದನ್ನು ಯಾರಿಗೆ ತೋರಿಸಲಿ ಎಂದೇ ಮೊದಲು ಅನಿಸುತ್ತದೆ. ಯಾರಾದರೂ ಕೇಳಿದರೆ ಕಾಲಿನ ನೆಪ ಹೇಳು.

ಗುಂಡಿ ಮುಚ್ಚಿಬಿಡಿ. ಗ್ರಂಥಾಲಯದ ಕೆಲಸಕ್ಕೆ ಅರ್ಜಿ ಹಾಕು.

ಅಮ್ಮ

&nbsp;

ಮೇ ೨೭

ಅಮ್ಮಾ,

ಪ್ರತಿಷ್ಠಾನಕ್ಕೆ ಬರೆದೆ. ಈ ಸಲ ಚೆನ್ನಾಗಿ ಬರೆಯದಿರಲು ಬಹಳ ಕಷ್ಟಪಟ್ಟೆ. ನಾಲ್ಕು ಸಾಲು. "ನಮ್ಮ ತಪ್ಪಿನಿಂದ" ಎಂದು ಬರೆದಿದ್ದೇನೆ. ನಿನ್ನ ತಪ್ಪು ಎಂದು ಬರೆಯಲು ಕೈ ಬರಲಿಲ್ಲ. ಕಾರ್ಯದರ್ಶಿ ಮಾಮ ಸಹಿ ಹಾಕಲು ಪೆನ್ನು ತೆಗೆದರು, ಮತ್ತೆ ಜೇಬಿಗಿಟ್ಟರು. "ನೀನೇ ಹಾಕ್ಬಿಡು ಮಗೂ" ಎಂದು ಮನೆಗೆ ಹೋದರು. ಆಮೇಲೆ ಈ ಕಡೆ ಬಂದಿಲ್ಲ.

ಮೆತ್ತನೆಯ ಧ್ವನಿಯ ಹೆಂಗಸು ಫೋನ್ ಮಾಡಿದ್ದಳು. ಮಂಜೂರಾದ ಹಣ ಬೇಡ ಎನ್ನುವುದಕ್ಕೆ ಅವರಲ್ಲಿ ಬೇರೆ ನಮೂನೆ ಇದೆಯಂತೆ, ಅದನ್ನು ತುಂಬಿ ಕಳಿಸಬೇಕಂತೆ. ಮಡಕೆಗಳ ಬಗ್ಗೆ ಏನೂ ಕೇಳಲಿಲ್ಲ.

ಉಗ್ರಾಣ ಖಾಲಿ ಮಾಡಿದೆವು. ಪೆಟ್ಟಿಗೆಗಳನ್ನು ಇಟ್ಟುಕೊಳ್ಳುತ್ತೀರಾ ಎಂದು ಶಾಲೆ, ಗ್ರಂಥಾಲಯ, ಪುರಸಭೆ ಎಲ್ಲ ಕಡೆ ಕೇಳಿದೆ. ಬಾಯಿಬಿಟ್ಟು ಕೇಳಿದೆ ಅಮ್ಮಾ, "ಹೂಂ" ಅನ್ನಲಿಲ್ಲ. ಎಲ್ಲರೂ ಗೌರವದಿಂದಲೇ ಬೇಡ ಎಂದರು. ಶಾಲೆಯವರು ಪೆಟ್ಟಿಗೆಗಳು ಮಾತ್ರ ಸಾಕು ಎಂದರು, ಒಳಗಿನದು ಬೇಡವಂತೆ.

ಗುಂಡಿ ಮುಚ್ಚಲು ತರಿಸಿದ್ದ ಮರಳಿನಲ್ಲಿ ಅರ್ಧ ಯಾರೋ ಹೊತ್ತೊಯ್ದಿದ್ದರು. ಮಿಕ್ಕದ್ದು ಗುಂಡಿಗೆ ಸಾಲಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಮೇಲೆ ಬೋಕಿಗಳನ್ನೇ ತಂದು ತುಂಬಿದೆವು. ನೀನು ಜೀವಮಾನವೆಲ್ಲ ಮೇಲೆ ತಂದದ್ದನ್ನು ನಾವಿಬ್ಬರು ಎರಡು ದಿನದಲ್ಲಿ ಕೆಳಗೆ ಹಾಕಿದೆವು. ಒಂದೊಂದು ಪೆಟ್ಟಿಗೆಯ ಬೋಕಿಯನ್ನು ಅದರ ಚೀಟಿಯ ಸಮೇತ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಸಿದೆ. ಚೀಟಿಗಳು ಒಂದು ಮಳೆಗಾಲವೂ ಬಾಳುವುದಿಲ್ಲ ಎಂದು ಗೊತ್ತು. ಆದರೂ ಕಟ್ಟಿದೆ. ಮೇಲೆ ಮಣ್ಣು ಎಳೆದೆವು.

ಗ್ರಂಥಾಲಯದ ಕೆಲಸ ಸಿಕ್ಕಿದೆ. ಒಂದನೇ ತಾರೀಖಿನಿಂದ.

ನೀನು ಬರುವುದಿಲ್ಲ ಎಂದು ಮೇಸ್ತ್ರಿಗೆ ಇನ್ನೂ ಹೇಳಿಲ್ಲ. ಕಾಲಿನ ನೆಪವನ್ನೂ ಹೇಳಲಾಗಲಿಲ್ಲ. ಮಣ್ಣು ತುಳಿದು ಗಟ್ಟಿ ಮಾಡಿ, ಕರಣೆ, ಕುಂಚಗಳನ್ನೆಲ್ಲ ತೊಳೆದು ಸಾಲಾಗಿ ಒಣಗಲು ಇಟ್ಟ. ಕೈ ಒರೆಸಿಕೊಳ್ಳುತ್ತ, "ಮುಂದಿನ ವರ್ಷ ಎಲ್ಲಿ ಅಗೆಯೋದಮ್ಮಾ?" ಎಂದು ಕೇಳಿದ.

"ಅಮ್ಮ ಬಂದು ಹೇಳ್ತಾರೆ" ಎಂದೆ.

ಗುಬ್ಬಿ